ಸ್ಲಿಪ್ ಅಂದರೆ ಬರೀ ಜಾರುವುದಲ್ಲ

ಪ್ರಶ್ನೆ: ಮಗಳು ಎಂಟನೇ ಕ್ಲಾಸು, ಕನ್ನಡ ಮಾಧ್ಯಮ. ಅವಳ ಇಂಗ್ಲಿಷ್ ಅಭ್ಯಾಸದ ಒಂದೇ ಪುಟದಲ್ಲಿ ‘ಸ್ಲಿಪ್’ ಎಂಬ ಶಬ್ದ ನಾಲ್ಕು ಸಲ ಬಂದಿತ್ತು. ಮಾವ ಮೆಟ್ಟಿಲಲ್ಲಿ ಸ್ಲಿಪ್ ಆದದ್ದು, ಅತ್ತೆ ಹುಡುಗನ ಕಿಸೆಗೆ ನಾಣ್ಯ ಸ್ಲಿಪ್ ಮಾಡಿದ್ದು, ತಾರೀಕು ಮನಸ್ಸಿನಿಂದ ಸ್ಲಿಪ್ ಆದದ್ದು, ಕೊನೆಗೆ ಯಾರೋ ಒಂದು ಸ್ಲಿಪ್‌ನಲ್ಲಿ ವಿಳಾಸ ಬರೆದುಕೊಟ್ಟದ್ದು. ನಾನು ಎಲ್ಲದಕ್ಕೂ ‘ಜಾರು’ ಅಂತ ಹೇಳಿಕೊಟ್ಟೆ. ‘ಅಮ್ಮಾ, ಹಾಗಾದರೆ ಜಾರಿನಲ್ಲಿ ವಿಳಾಸ ಬರೆದ ಅಂತಲಾ?’ ಎಂದು ನಕ್ಕಳು. ಈ ಶಬ್ದಕ್ಕೆ ನಿಜವಾದ ಅರ್ಥ ಯಾವುದು? ಸ್ಲೈಡ್, ಸ್ಕಿಡ್‌ಗೂ ಇದಕ್ಕೂ ಏನು ವ್ಯತ್ಯಾಸ? ಇನ್ನೊಂದು ವಿಷಯ: ನಮ್ಮೂರ ದೇವಸ್ಥಾನದ ಕೆರೆಯ ಮೆಟ್ಟಿಲ ಹತ್ತಿರ ಮೂರು ಭಾಷೆಯಲ್ಲಿ ಎಚ್ಚರಿಕೆಯ ಬೋರ್ಡು ಹಾಕಬೇಕೆಂದಿದ್ದೇವೆ. ಕನ್ನಡದಲ್ಲಿ ಏನಂತ ಬರೆಯುವುದು?

(ಬದಿಯಡ್ಕ ಕಡೆಯ ಓದುಗರೊಬ್ಬರು)

ಉತ್ತರ: ನಿಮ್ಮ ಮಗಳು ನಕ್ಕದ್ದು ಸರಿ. ಆದರೆ ನೀವು ಬೇಸರ ಮಾಡಿಕೊಳ್ಳಬೇಡಿ. ಈ ಶಬ್ದ ನನ್ನನ್ನು ಇದಕ್ಕಿಂತ ಜೋರಾಗಿ ಬೀಳಿಸಿದೆ, ಅದೂ ಅಚ್ಚಿನಲ್ಲಿ.

ನಾನು ಆಗಷ್ಟೇ ಮೇಷ್ಟ್ರ ಕೆಲಸಕ್ಕೆ ಸೇರಿದ್ದೆ. ಕಾಸರಗೋಡಿನ ಕನ್ನಡ ಮಕ್ಕಳಿಗೆ ಇಂಗ್ಲಿಷ್ ಹೇಳಿಕೊಡುವ ಕೆಲಸ. ಬಿಡುವಿನಲ್ಲಿ ಒಂದು ವಾರಪತ್ರಿಕೆಗೆ ಇಂಗ್ಲಿಷ್ ಪತ್ತೇದಾರಿ ಕಥೆಯೊಂದನ್ನು ಕನ್ನಡಕ್ಕೆ ಮಾಡಿಕೊಟ್ಟೆ. ಕಥೆಯಲ್ಲಿ ಒಬ್ಬ ಪೊಲೀಸ್ ಒಬ್ಬಳು ಹೆಂಗಸಿನ ಬೆನ್ನು ಹತ್ತಿ ಪೇಟೆಯಲ್ಲೆಲ್ಲ ಸುತ್ತುತ್ತಾನೆ. ಒಂದು ಕಡೆ ‘ಶಿ ಗೇವ್ ಹಿಮ್ ದ ಸ್ಲಿಪ್’ ಎಂದಿತ್ತು. ಸ್ಲಿಪ್ ಅಂದರೆ ಚೀಟಿಯಲ್ಲವೇ? ‘ಅವಳು ಅವನ ಕೈಗೆ ಚೀಟಿ ಕೊಟ್ಟಳು’ ಎಂದು ಬರೆದುಬಿಟ್ಟೆ. ಮುಂದಿನ ಪ್ಯಾರಾದಲ್ಲಿ ಪೊಲೀಸ್ ಹುಚ್ಚನ ಹಾಗೆ ಅವಳನ್ನು ಗಲ್ಲಿಗಲ್ಲಿಯಲ್ಲಿ ಹುಡುಕುತ್ತಾನೆ. ಕೈಗೆ ಚೀಟಿ ಕೊಟ್ಟವಳನ್ನು ಯಾಕಪ್ಪ ಹುಡುಕುತ್ತಾನೆ ಎಂದು ನನಗೂ ಅನುಮಾನ ಬಂದಿತ್ತು. ಆದರೆ ಪತ್ತೇದಾರಿ ಕಥೆ ಅಂದಮೇಲೆ ಅಷ್ಟು ನಿಗೂಢ ಇರಲಿ ಎಂದು ಬಿಟ್ಟೆ. ಅಚ್ಚಾದ ಮೇಲೆ ಇಬ್ಬರು ಓದುಗರು ಕಾರ್ಡು ಬರೆದು ಕೇಳಿದರು: ‘ಚೀಟಿಯಲ್ಲಿ ಏನು ಬರೆದಿತ್ತು? ಕೊನೆಯವರೆಗೂ ಹೇಳಲೇ ಇಲ್ಲವಲ್ಲ!’

ಅಲ್ಲಿ ಅವಳು ಏನೂ ಕೊಟ್ಟಿರಲಿಲ್ಲ. ಅವನ ಕಣ್ಣು ತಪ್ಪಿಸಿ ಪರಾರಿಯಾಗಿದ್ದಳು. ‘ಎ ಸ್ಲಿಪ್’ ಕೊಟ್ಟರೆ ಚೀಟಿ, ‘ದ ಸ್ಲಿಪ್’ ಕೊಟ್ಟರೆ ಚಳ್ಳೆಹಣ್ಣು. ನಡುವೆ ಇರುವುದು ಒಂದು ‘ದ’ ಮಾತ್ರ.

ಆ ಪೆಟ್ಟು ತಿಂದ ಮೇಲೆ ಈ ಶಬ್ದವನ್ನು ಸ್ವಲ್ಪ ಹತ್ತಿರದಿಂದ ನೋಡತೊಡಗಿದೆ. ಮೊದಲು ಗೊತ್ತಾದದ್ದು, ಇದು ಒಂದು ಶಬ್ದವೇ ಅಲ್ಲ. ಬೇರೆಬೇರೆ ಕಡೆಯಿಂದ ಬಂದ ಮೂರು ಶಬ್ದಗಳು ಒಂದೇ ಅಂಗಿ ತೊಟ್ಟು ನಿಂತಿವೆ. ಜಾರುವ ಅರ್ಥದ ಕ್ರಿಯಾಪದ ಬಹುಶಃ ಡಚ್ಚರ ಮತ್ತು ಉತ್ತರ ಜರ್ಮನಿಯವರ ಹಳೆಯ ನುಡಿಯ ‘ಸ್ಲಿಪ್ಪೆನ್’ನಿಂದ ಮಧ್ಯಯುಗದಲ್ಲಿ ಇಂಗ್ಲಿಷಿಗೆ ಬಂತು. ಚೀಟಿಯ ಅರ್ಥದ ಸ್ಲಿಪ್ ಅದೇ ಸೀಮೆಯ ‘ಸ್ಲಿಪ್ಪೆ’ಯಿಂದ ಬಂದದ್ದು. ಅದಕ್ಕೆ ಸೀಳು, ಕತ್ತರಿಸಿದ ಪಟ್ಟಿ ಎಂದು ಅರ್ಥ. ಮೂರನೆಯದು ಇಂಗ್ಲಿಷರ ಮನೆಯದೇ ಹಳೆಯ ಶಬ್ದ, ಲೋಳೆ ಅಥವಾ ಕೆಸರು ಎಂಬ ಅರ್ಥದ್ದು. ಕುಂಬಾರರು ಹಸಿ ಪಾತ್ರೆಗೆ ಬಳಿಯುವ ತೆಳು ಮಣ್ಣಿನ ನೀರಿಗೆ ಇಂಗ್ಲಿಷಿನಲ್ಲಿ ಇಂದಿಗೂ ಸ್ಲಿಪ್ ಎನ್ನುತ್ತಾರೆ. ‘ಕೌಸ್ಲಿಪ್’ ಎಂಬ ಚೆಂದದ ಹಳದಿ ಹೂವಿನ ಹೆಸರಿನಲ್ಲಿ ಇರುವುದೂ ಇದೇ ಸ್ಲಿಪ್. ಬಿಡಿಸಿ ನೋಡಿದರೆ ಅದರರ್ಥ ದನದ ಸೆಗಣಿ. ಹೂವಿಗೆ ಆ ಹೆಸರು ಯಾಕೆ ಎಂದು ಕೇಳಬೇಡಿ, ಸೆಗಣಿ ಬಿದ್ದ ಹುಲ್ಲುಗಾವಲಲ್ಲಿ ಚೆನ್ನಾಗಿ ಬೆಳೆಯುತ್ತದೆ ಎಂಬ ನಂಬಿಕೆಯಿರಬೇಕು.

ಹಾಗಾಗಿ ಮಗಳ ನಾಲ್ಕನೇ ವಾಕ್ಯವನ್ನು ಮೊದಲು ಪಕ್ಕಕ್ಕೆ ತೆಗೆದಿಡಿ. ಆ ಸ್ಲಿಪ್ ಜಾರುವ ಬಳಗದ್ದಲ್ಲ, ಸೀಳಿದ ಕಾಗದ. ಪೇ ಸ್ಲಿಪ್, ಚುನಾವಣೆ ಬಂದಾಗ ಮನೆಗೆ ತಂದುಕೊಡುವ ವೋಟರ್ ಸ್ಲಿಪ್, ಅಡಿಕೆ ಹಾಕಿದಾಗ ಸಿಗುವ ತೂಕದ ಚೀಟಿ, ಎಲ್ಲವೂ ಆ ಸಾಲಿನವು. ಕನ್ನಡದಲ್ಲಿ ‘ಚೀಟಿ’ ಎಂದರೆ ಸಾಕು.

ಇದೇ ಪಟ್ಟಿಯ ಬಳಗದಲ್ಲಿ ನಮ್ಮ ತೋಟಕ್ಕೆ ಸಂಬಂಧಪಟ್ಟದ್ದೂ ಒಂದಿದೆ. ಗಿಡದಿಂದ ಕತ್ತರಿಸಿ ನೆಡುವ ತುಂಡಿಗೂ ಸ್ಲಿಪ್ ಅನ್ನುತ್ತಾರೆ. ಅನಾನಸಿನಲ್ಲಿ ಹಣ್ಣಿನ ಕೆಳಗೆ ದಂಟಿನಲ್ಲಿ ಮೂಡುವ ಮರಿ ಸ್ಲಿಪ್, ಗಿಡದ ಬುಡದಿಂದ ಬರುವುದು ಸಕ್ಕರ್. ನೆಡುವುದಕ್ಕೆ ಎರಡೂ ಆಗುತ್ತವೆ. ‘ಎ ಸ್ಲಿಪ್ ಆಫ್ ಎ ಗರ್ಲ್’ ಎಂದು ಕಥೆಯಲ್ಲಿ ಬಂದರೆ ಜಾರಿದ ಹುಡುಗಿ ಎಂದು ಬರೆದು ಯಾರ ಮಾನವನ್ನೂ ತೆಗೆಯಬೇಡಿ. ಎಳೆ ಬಳ್ಳಿಯಂಥ ಸಣಕಲು ಹುಡುಗಿ ಎಂದಷ್ಟೇ ಅರ್ಥ.

ಈಗ ಉಳಿದ ಮೂರು ವಾಕ್ಯ. ಇವು ನಿಜವಾಗಿ ಜಾರುವ ಬಳಗದವು, ಕಷ್ಟ ಇರುವುದೂ ಇಲ್ಲೇ.

ಆಟಿಯ ಮಳೆಯಲ್ಲಿ ನಿಮ್ಮ ಅಂಗಳವನ್ನು ನೆನೆಸಿಕೊಳ್ಳಿ. ಮುರಕಲ್ಲಿನ ಮೇಲೆ ಹಸಿರು ಹಾವಸೆ ಕಟ್ಟಿದೆ. ಬಾವಿಕಟ್ಟೆಯಿಂದ ಹಟ್ಟಿಗೆ ಹೋಗುವ ದಾರಿಗೆ ಅಡಿಕೆ ಸೋಗೆ ಹಾಸಿದ್ದೀರಿ. ಸೋಗೆಯ ಆಚೆ ಒಂದು ಹೆಜ್ಜೆ ಇಟ್ಟಿರೋ, ಹಿಮ್ಮಡಿ ಸರ್ರನೆ ಮುಂದೆ ಹೋಯಿತು, ಕೈಯಲ್ಲಿದ್ದ ಕೊಡಪಾನ ಎತ್ತಲೋ ಉರುಳಿತು, ನೀವು ಕೂತುಬಿಟ್ಟಿರಿ. ಈ ಇಡೀ ಘಟನೆಯಲ್ಲಿ ‘ಸ್ಲಿಪ್’ ಯಾವುದು? ಬಿದ್ದದ್ದಲ್ಲ. ಹಿಮ್ಮಡಿ ಮುಂದೆ ಹೋದ ದೂರವೂ ಅಲ್ಲ. ನೆಲದ ಮೇಲಿನ ಹಿಡಿತ ತಪ್ಪಿತಲ್ಲ, ಆ ಕ್ಷಣವೇ ಸ್ಲಿಪ್. ಸ್ಲಿಪ್ ಆಗಿಯೂ ಬೀಳದಿರಬಹುದು, ಕಂಬ ಹಿಡಿದು ಸುಧಾರಿಸಿಕೊಳ್ಳಬಹುದು. ಇಂಗ್ಲಿಷಿನವರು ಬಿದ್ದರೆ ಅದನ್ನು ಬೇರೆಯಾಗಿ ಹೇಳುತ್ತಾರೆ: ‘ಸ್ಲಿಪ್ಡ್ ಆಂಡ್ ಫೆಲ್’. ನಾವೂ ಹಾಗೆಯೇ ‘ಜಾರಿ ಬಿದ್ದ’ ಅನ್ನುತ್ತೇವೆ. ತುಳುವಿನಲ್ಲಿ ‘ಜಾರ್‌ದ್ ಬೂರ್ಯೆ’, ಮಲಯಾಳಂನಲ್ಲಿ ‘ತೆನ್ನಿ ವೀಣು’. ಎಲ್ಲ ಕಡೆ ಎರಡು ಕ್ರಿಯೆ.

ಸ್ಲಿಪ್‌ನ ಜೀವ ಇರುವುದು ಹಿಡಿತ ತಪ್ಪುವುದರಲ್ಲಿ. ಕಾಲು, ನಾಲಿಗೆ, ನೆನಪು, ಕೈಯಲ್ಲಿದ್ದ ಅವಕಾಶ, ಬೆನ್ನು ಹತ್ತಿದವನ ಕಣ್ಣು, ಯಾವುದರ ಹಿಡಿತ ತಪ್ಪಿದರೂ ಅವರಿಗೆ ಸ್ಲಿಪ್. ಆದ್ದರಿಂದ ಈ ಶಬ್ದ ಕಂಡಾಗಲೆಲ್ಲ ‘ಜಾರು’ ಎಂದು ಹೊರಡುವ ಮೊದಲು ಒಂದು ಪ್ರಶ್ನೆ ಕೇಳಿಕೊಳ್ಳಲು ಮಗಳಿಗೆ ಹೇಳಿ: ಇಲ್ಲಿ ಯಾವುದರ ಹಿಡಿತ ತಪ್ಪಿತು? ತಾನಾಗಿ ತಪ್ಪಿತೋ, ಯಾರಾದರೂ ಬೇಕೆಂದೇ ತಪ್ಪಿಸಿದರೋ?

ತಪ್ಪುವುದು, ತಪ್ಪಿಸುವುದು. ಕನ್ನಡದಲ್ಲಿ ಸ್ಲಿಪ್‌ಗೆ ಹತ್ತಿರದ ನೆಂಟ ‘ಜಾರು’ ಅಲ್ಲ, ‘ತಪ್ಪು’ ಎಂದು ನಾನು ಹೇಳುವುದು ಇದಕ್ಕೇ. ನೋಡಿ: ಕಾಲು ತಪ್ಪಿತು, ಹೆಜ್ಜೆ ತಪ್ಪಿತು, ಆಯ ತಪ್ಪಿ ಬಿದ್ದ, ಅವಕಾಶ ಕೈತಪ್ಪಿತು, ಬಾಯಿತಪ್ಪಿ ಹೇಳಿದ, ಕಣ್ತಪ್ಪಿನಿಂದ ಬಿಟ್ಟುಹೋಯಿತು, ಕಣ್ಣು ತಪ್ಪಿಸಿ ಓಡಿದ. ಇಂಗ್ಲಿಷಿನಲ್ಲಿ ಇವೆಲ್ಲಕ್ಕೂ ಸ್ಲಿಪ್ ಎಂಬ ಒಂದೇ ಶಬ್ದದಿಂದ ಕೆಲಸ ನಡೆಯುತ್ತದೆ. ಇನ್ನೂ ಒಂದು ಸೊಗಸಿದೆ. ಕನ್ನಡದಲ್ಲಿ ‘ತಪ್ಪು’ ಎಂದರೆ ದೋಷವೂ ಹೌದು. ಇಂಗ್ಲಿಷಿನಲ್ಲಿ ಸ್ಲಿಪ್ ಎಂದರೆ ಸಣ್ಣ ತಪ್ಪು ಕೂಡ. ಮಗಳ ಮಲಯಾಳಿ ಗೆಳತಿಯರನ್ನು ಕೇಳಿದರೆ ‘ತೆಟ್ಟ್’ ಅನ್ನುತ್ತಾರೆ. ಅದಕ್ಕೂ ಹೆಜ್ಜೆ ತಪ್ಪುವುದು, ದೋಷ ಎಂಬ ಎರಡು ಅರ್ಥ ಇದೆ. ‘ಅಡಿ ತೆಟ್ಟಿಯಾಲ್ ಆನಯುಂ ವೀಳುಂ’ ಎಂಬ ಅವರ ಗಾದೆಯನ್ನು ನಮ್ಮ ಕಡೆಯ ಕನ್ನಡದವರೂ ಬಲ್ಲರು: ಹೆಜ್ಜೆ ತಪ್ಪಿದರೆ ಆನೆಯೂ ಬೀಳುತ್ತದೆ. ತಮಿಳರಲ್ಲೂ ಆನೆಯ ಅಡಿ ಜಾರುವ ಗಾದೆ ಉಂಟು. ನಡಿಗೆಯಿಂದ ನಡತೆಗೆ ದಾಟುವುದಕ್ಕೆ ಎಲ್ಲ ಭಾಷೆಯವರಿಗೂ ಕಾಲೇ ಸೇತುವೆ. ಕನ್ನಡದಲ್ಲಿ ಯಾರನ್ನಾದರೂ ‘ಕಾಲು ಜಾರಿದಳು’ ಎಂದು ಬರೆದರೆ ಮೆಟ್ಟಿಲ ನೆನಪು ಯಾರಿಗೂ ಬರುವುದಿಲ್ಲ, ಬೇರೆಯೇ ಅರ್ಥ ಬರುತ್ತದೆ. ಮಗಳು ಅನುವಾದ ಮಾಡುವಾಗ ‘ಮೆಟ್ಟಿಲಲ್ಲಿ’ ಎಂದು ತಪ್ಪದೆ ಸೇರಿಸಲಿ!

ಹಾಗೆಂದು ‘ಜಾರು’ವನ್ನು ತಳ್ಳಿಹಾಕುವಂತಿಲ್ಲ. ಅದರ ಬಾಲದಲ್ಲಿ ಒಂದು ಯುಕ್ತಿ ಇದೆ, ಅದು ಇಂಗ್ಲಿಷಿಗೆ ಇಲ್ಲ. ‘ಮಾವ ಜಾರಿದರು’ ಎಂದರೆ ಅಯ್ಯೋ ಪಾಪ. ‘ಮಾವ ಜಾರಿಕೊಂಡರು’ ಎಂದರೆ? ಊಟದ ಲೆಕ್ಕ ಕೊಡುವ ಹೊತ್ತಿಗೆ ಮೆಲ್ಲಗೆ ಎದ್ದು ಹೋಗಿದ್ದಾರೆ. ‘ಕೊಳ್ಳು’ ಸೇರಿದ್ದೇ ತಡ, ಆಕಸ್ಮಿಕ ಹೋಗಿ ಉದ್ದೇಶ ಬಂತು. ಇಂಗ್ಲಿಷಿನಲ್ಲಿ ಎರಡಕ್ಕೂ ‘ಸ್ಲಿಪ್ಡ್’ ಒಂದೇ. ವ್ಯತ್ಯಾಸ ತಿಳಿಯುವುದು ಮುಂದಿನ ಪುಟ್ಟ ಶಬ್ದದಿಂದ. ‘ಸ್ಲಿಪ್ಡ್ ಆನ್ ದ ಸ್ಟೆಪ್ಸ್’ ಆಕಸ್ಮಿಕ, ‘ಸ್ಲಿಪ್ಡ್ ಔಟ್’ ಉದ್ದೇಶ. ‘ಸ್ಲಿಪ್ಡ್ ಇನ್’ ಎಂದರೆ ನುಸುಳಿದ. ‘ಸ್ಲಿಪ್ಡ್ ಪಾಸ್ಟ್’ ಎಂದರೆ ಕಣ್ಣು ತಪ್ಪಿಸಿ ದಾಟಿದ. ‘ಸ್ಲಿಪ್ಡ್ ಅಪ್’ ಎಂದರೆ ಮೇಲಕ್ಕೆ ಜಾರಿದ್ದಲ್ಲ, ಎಡವಟ್ಟು ಮಾಡಿಕೊಂಡ. ನಾವು ಕ್ರಿಯಾಪದದ ಬಾಲದಲ್ಲಿ ಹೇಳುವುದನ್ನು ಅವರು ಪಕ್ಕದ ಶಬ್ದದಲ್ಲಿ ಹೇಳುತ್ತಾರೆ. ಆದ್ದರಿಂದ ಸ್ಲಿಪ್ ಒಂದನ್ನೇ ನಿಘಂಟಿನಲ್ಲಿ ಹುಡುಕಿ ಪ್ರಯೋಜನವಿಲ್ಲ, ಅದರ ಬಾಲವನ್ನೂ ಹಿಡಿದುಕೊಂಡೇ ಹುಡುಕಬೇಕು.

ನಾಣ್ಯದ ವಾಕ್ಯ ಈಗ ಸುಲಭ. ಅತ್ತೆ ಹುಡುಗನ ಕಿಸೆಗೆ ನಾಣ್ಯ ಹಾಕಿದ್ದು ಯಾರಿಗೂ ಗೊತ್ತಾಗದ ಹಾಗೆ, ಬಹುಶಃ ಅವನಿಗೂ ತಿಳಿಯದ ಹಾಗೆ. ‘ಜಾರಿಸಿದಳು’ ಎನ್ನಬಹುದು, ತಪ್ಪಿಲ್ಲ. ನಾನಾದರೆ ‘ಮೆಲ್ಲಗೆ ಕಿಸೆಗೆ ಇಳಿಬಿಟ್ಟಳು’ ಎನ್ನುತ್ತೇನೆ. ಹೊರಡುವ ಹೊತ್ತಿಗೆ ಜಗಲಿಯ ಕಂಬದ ಹತ್ತಿರ ಮಕ್ಕಳನ್ನು ಕರೆದು, ಅಮ್ಮ ಅತ್ತ ನೋಡುವಾಗ ಹತ್ತು ರೂಪಾಯಿ ಮಡಿಸಿ ಅಂಗೈಯಲ್ಲಿ ಅದುಮುವ ಅತ್ತೆಯಂದಿರು ನಮ್ಮಲ್ಲೂ ಇದ್ದಾರಲ್ಲ. ಆ ಅದುಮುವಿಕೆಗೆ ಇಂಗ್ಲಿಷಿನಲ್ಲಿ ಸ್ಲಿಪ್.

ತಾರೀಕಿನ ವಾಕ್ಯ ನನಗೆ ಬಹಳ ಇಷ್ಟ. ‘ಇಟ್ ಸ್ಲಿಪ್ಡ್ ಮೈ ಮೈಂಡ್’ ಎಂದರೆ ಮರೆತೆ ಎಂದರ್ಥ, ಆದರೆ ತಪ್ಪು ಯಾರದ್ದು ನೋಡಿ. ತಾರೀಕಿನದ್ದು! ಅದೇ ನುಣುಚಿಕೊಂಡು ಹೋಗಿದೆ, ಪಾಪ ನಾನೇನು ಮಾಡಲಿ ಎಂಬ ಧಾಟಿ. ಕನ್ನಡದಲ್ಲಿ ‘ನಾನು ಮರೆತೆ’ ಎಂದರೆ ತಪ್ಪೊಪ್ಪಿಗೆ. ‘ನನಗೆ ಮರೆತುಹೋಯಿತು’ ಎಂದರೆ ಸ್ಲಿಪ್. ನಾನು ಎಂಬುದು ನನಗೆ ಆಯಿತು, ಹೊಣೆ ತಲೆಯಿಂದ ಇಳಿಯಿತು. ಹೋಂವರ್ಕ್ ಮಾಡದ ಮಕ್ಕಳು ಯಾವತ್ತಾದರೂ ‘ಮರೆತೆ ಸಾರ್’ ಅಂದದ್ದುಂಟೇ? ‘ಮರ್ತೇ ಹೋಯ್ತು ಸಾರ್’ ಅನ್ನುತ್ತಾರೆ. ವ್ಯಾಕರಣ ಅವರಿಗೆ ನಮಗಿಂತ ಚೆನ್ನಾಗಿ ಗೊತ್ತು.

ಇಲ್ಲಿ ಮೇಷ್ಟ್ರ ಬುದ್ಧಿಯಿಂದ ಒಂದು ಮಾತು. ಸ್ಲಿಪ್ ಬೇರೆ, ಮಿಸ್ಟೇಕ್ ಬೇರೆ. ಕಾಫಿಗೆ ಸಕ್ಕರೆ ಹಾಕಬೇಕೆಂದು ಹೋಗಿ ಪಕ್ಕದ ಡಬ್ಬಿಯ ಉಪ್ಪು ಹಾಕಿದಿರಿ, ಅದು ಸ್ಲಿಪ್. ಸಕ್ಕರೆ ಹಾಕಿದಿರೋ ಇಲ್ಲವೋ ನೆನಪಾಗದೆ ಎರಡನೇ ಸಲ ಹಾಕಿದಿರಿ, ಅದು ಲ್ಯಾಪ್ಸ್. ಸಕ್ಕರೆ ಕಾಯಿಲೆಗೆ ಬೆಲ್ಲದ ಕಾಫಿ ಏನೂ ಮಾಡುವುದಿಲ್ಲ ಎಂದು ನಂಬಿ ಬೆಲ್ಲ ಹಾಕಿದಿರಿ, ಅದು ಮಿಸ್ಟೇಕ್. ಮೊದಲಿನದರಲ್ಲಿ ಕೈ ತಪ್ಪಿತು, ಎರಡನೆಯದರಲ್ಲಿ ನೆನಪು, ಮೂರನೆಯದರಲ್ಲಿ ತಿಳಿವಳಿಕೆ. ಬ್ರಿಟಿಷ್ ಮನಶ್ಶಾಸ್ತ್ರಜ್ಞ ಜೇಮ್ಸ್ ರೀಸನ್ ಮನುಷ್ಯರ ತಪ್ಪುಗಳನ್ನು ಹೀಗೆಯೇ ವಿಂಗಡಿಸಿದರು. ವಿಮಾನ, ಆಸ್ಪತ್ರೆಗಳ ಸುರಕ್ಷತೆಯ ಪಾಠದಲ್ಲಿ ಈ ವಿಂಗಡಣೆ ಬರುತ್ತದೆ. ಉತ್ತರಪತ್ರಿಕೆ ತಿದ್ದುವಾಗಲೂ ಇದು ನನ್ನ ಕೆಲಸಕ್ಕೆ ಬಂದಿದೆ: ಹತ್ತು ಕಡೆ ‘ಗೋಸ್’ ಎಂದು ಸರಿಯಾಗಿ ಬರೆದ ಹುಡುಗಿ ಹನ್ನೊಂದನೇ ಕಡೆ ‘ಗೋ’ ಎಂದರೆ ಅದು ಸ್ಲಿಪ್, ಅರ್ಧ ಅಂಕ ಕಡಿಯಲು ನನಗೆ ಮನಸ್ಸಾಗುತ್ತಿರಲಿಲ್ಲ. ಹನ್ನೊಂದೂ ಕಡೆ ‘ಗೋ’ ಎಂದರೆ ತಿದ್ದಬೇಕಾದದ್ದು ಅವಳನ್ನಲ್ಲ, ನನ್ನ ಪಾಠವನ್ನು.

ನಾಲಿಗೆ ತಪ್ಪುವುದಕ್ಕೆ ‘ಸ್ಲಿಪ್ ಆಫ್ ದ ಟಂಗ್’, ಬರೆಯುವ ಕೈ ತಪ್ಪುವುದಕ್ಕೆ ‘ಸ್ಲಿಪ್ ಆಫ್ ದ ಪೆನ್’. ನಾಲಿಗೆ ತಾನಾಗಿ ತಪ್ಪುವುದಿಲ್ಲ, ಒಳಗೆ ಅದುಮಿಟ್ಟದ್ದೇ ಹೊರಬರುತ್ತದೆ ಎಂದು ವಾದಿಸಿದವರು ಸಿಗ್ಮಂಡ್ ಫ್ರಾಯ್ಡ್, 1901ರಲ್ಲಿ. ಅದಕ್ಕೇ ‘ಫ್ರಾಯ್ಡಿಯನ್ ಸ್ಲಿಪ್’ ಎಂಬ ಮಾತು ಹುಟ್ಟಿತು. ಎಲ್ಲ ಬಾಯ್ತಪ್ಪಿಗೂ ಒಳಗುಟ್ಟು ಇದೆಯೆಂದು ನಾನಂತೂ ಒಪ್ಪುವುದಿಲ್ಲ. ನಮ್ಮ ತಾಳಮದ್ದಳೆಯಲ್ಲಿ ರಾತ್ರಿ ಎರಡು ಗಂಟೆಗೆ ಅರ್ಥಧಾರಿಯೊಬ್ಬರು ಭೀಷ್ಮನ ಬಾಯಲ್ಲಿ ‘ಎಲೈ ದುರ್ಯೋಧನ’ ಎನ್ನಬೇಕಾದಲ್ಲಿ ‘ಎಲೈ ರಾವಣ’ ಎಂದರೆ ಅದಕ್ಕೆ ಕಾರಣ ನಿದ್ದೆ ಮತ್ತು ನಿನ್ನೆಯ ಪ್ರಸಂಗ. ಆದರೆ ಎದುರಿಗೆ ಕುಳಿತವರು ಅದನ್ನು ಹಿಡಿದು ‘ಹತ್ತು ತಲೆ ನನಗಿಲ್ಲ ಅಜ್ಜಾ, ಇರುವ ಒಂದಕ್ಕೇ ಈ ಪಾಡು’ ಎಂದುಬಿಟ್ಟರೆ ಆ ತಪ್ಪೇ ಆ ರಾತ್ರಿಯ ಸ್ವಾರಸ್ಯ.

‘ಮೆನಿ ಎ ಸ್ಲಿಪ್ ಟ್ವಿಕ್ಸ್ಟ್ ಕಪ್ ಆಂಡ್ ಲಿಪ್’ ಎಂಬ ಗಾದೆ ಮಗಳಿಗೆ ಮುಂದೆ ಎಲ್ಲಾದರೂ ಸಿಗುತ್ತದೆ. ಬಟ್ಟಲಿಗೂ ತುಟಿಗೂ ನಡುವೆ ಎಷ್ಟೋ ತಪ್ಪಿಹೋಗುತ್ತದೆ ಎಂದು ಅರ್ಥ. ಹಿಂದೆ ಗ್ರೀಕರ ಕಥೆಯೊಂದಿದೆ. ಆಂಕಿಯಸ್ ಎಂಬ ದೊರೆ ದ್ರಾಕ್ಷಿ ತೋಟ ಹಾಕಿದಾಗ, ಇದರ ಮದ್ಯ ನಿನ್ನ ಬಾಯಿಗೆ ಬೀಳುವುದಿಲ್ಲ ಎಂದು ಭವಿಷ್ಯ ಹೇಳಿದ್ದರು. ಬೆಳೆ ಬಂದು, ಮದ್ಯ ಇಳಿಸಿ, ಬಟ್ಟಲು ಎತ್ತಿ ‘ಈಗೇನಂತೀ?’ ಎನ್ನುವಷ್ಟರಲ್ಲಿ ತೋಟಕ್ಕೆ ಕಾಡುಹಂದಿ ನುಗ್ಗಿದ ಸುದ್ದಿ ಬಂತು. ಬಟ್ಟಲು ಕೆಳಗಿಟ್ಟು ಓಡಿದವನನ್ನು ಹಂದಿ ಸೀಳಿಹಾಕಿತು. ಕಾಡುಹಂದಿಯ ಕಾಟ ನಮ್ಮ ತೋಟದವರಿಗೆ ವಿವರಿಸಬೇಕಾಗಿಲ್ಲ, ಗಾದೆಯನ್ನು ಹೊಸದಾಗಿ ಅನುವಾದಿಸಬೇಕಾಗಿಯೂ ಇಲ್ಲ. ‘ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ’ ಎಂದರೆ ಮುಗಿಯಿತು.

ಇನ್ನು ಸ್ಲೈಡ್, ಸ್ಕಿಡ್. ಅಡಿಕೆ ಹಾಳೆಯ ಮೇಲೆ ತಂಗಿಯನ್ನು ಕೂರಿಸಿ ಅಂಗಳದುದ್ದ ಎಳೆಯುವ ಆಟ ನಿಮ್ಮ ಮಗಳೂ ಆಡಿರಬೇಕು. ಹಾಳೆ ನೆಲಕ್ಕೆ ತಾಗಿಕೊಂಡೇ ಒಂದು ಕಡೆಯಿಂದ ಇನ್ನೊಂದು ಕಡೆಗೆ ಹೋಗುತ್ತದಲ್ಲ, ಅದು ಸ್ಲೈಡ್. ತಿರುವಿನಲ್ಲಿ ತಂಗಿ ಹಾಳೆಯಿಂದ ತಪ್ಪಿ ಮಣ್ಣಿಗೆ ಬಿದ್ದಳು, ಅದು ಸ್ಲಿಪ್. ಸ್ಲೈಡ್‌ಗೆ ದೂರ ಬೇಕು, ಸ್ಲಿಪ್‌ಗೆ ಗಳಿಗೆ ಸಾಕು. ಸ್ಲೈಡ್ ಮಜಾಕ್ಕೂ ಇರಬಹುದು, ಆಟದ ಬಯಲಿನ ಜಾರುಬಂಡಿ ಅದೇ. ಸ್ಲೈಡಿಂಗ್ ಬಾಗಿಲು ಜಾರುವುದಿಲ್ಲ, ಸರಿಯುತ್ತದೆ. ಸ್ಕಿಡ್ ಮುಖ್ಯವಾಗಿ ಚಕ್ರದ ಮಾತು. ಬ್ರೇಕ್ ಒತ್ತಿದಾಗ ಚಕ್ರ ತಿರುಗುವುದು ನಿಂತರೂ ಗಾಡಿ ನಿಲ್ಲದೆ ಉಜ್ಜಿಕೊಂಡು ಹೋದರೆ ಸ್ಕಿಡ್. ‘ಬೈಕ್ ಸ್ಕಿಡ್ ಆಗಿ’ ಎಂಬುದನ್ನು ನಾವು ಕನ್ನಡವೇ ಮಾಡಿಕೊಂಡಿದ್ದೇವೆ, ಹಾಗೆಯೇ ಇರಲಿ. ಗ್ಲೈಡ್ ಎಂದರೆ ರೆಕ್ಕೆ ಬಡಿಯದೆ ತೇಲುವ ಗಿಡುಗನದ್ದು.

ಬೆಲೆಯ ಸುದ್ದಿಯಲ್ಲೂ ಈ ಅಂತರ ನೋಡಬೇಕು. ಇಂಗ್ಲಿಷ್ ಪತ್ರಿಕೆ ‘ಸ್ಲಿಪ್ಡ್’ ಎಂದರೆ ಬೆಲೆ ತುಸು ಇಳಿಯಿತು. ‘ಸ್ಲೈಡ್’ ಎಂದರೆ ಇಳಿಯುತ್ತಲೇ ಇದೆ. ‘ಕ್ರ್ಯಾಶ್’ ಎಂದರೆ ನೆಲಕಚ್ಚಿತು. ನಮ್ಮ ಪತ್ರಿಕೆಗಳಲ್ಲಿ ಮೂರಕ್ಕೂ ‘ಕುಸಿತ’. ರೂಪಾಯಿ ಐದು ಪೈಸೆ ಇಳಿದರೂ ಕುಸಿತ, ಅಡಿಕೆ ಧಾರಣೆ ಕಿಲೋಗೆ ನೂರು ಇಳಿದರೂ ಕುಸಿತ. ಓದಿದವರ ಎದೆ ಮಾತ್ರ ಎರಡು ಸಲವೂ ಒಂದೇ ರೀತಿ ಕುಸಿಯುತ್ತದೆ. ಆದರೆ ಮಣ್ಣಿನ ವಿಷಯದಲ್ಲಿ ನಮ್ಮ ‘ಕುಸಿತ’ ಸರಿಯಾದದ್ದೇ. ಇಂಗ್ಲಿಷಿನ ‘ಲ್ಯಾಂಡ್‌ಸ್ಲಿಪ್’, ‘ಲ್ಯಾಂಡ್‌ಸ್ಲೈಡ್’ಗೆ ನಾವು ‘ನೆಲಜಾರು’ ಎನ್ನದೆ ಗುಡ್ಡ ಕುಸಿತ ಎಂದೆವು. ಮಲಯಾಳಂನಲ್ಲಿ ಧರೆ ಜರಿದರೆ ‘ಮಣ್ಣಿಡಿಚ್ಚಿಲ್’, ನೀರು ಕಲ್ಲು ಮಣ್ಣು ಒಟ್ಟಾಗಿ ಒಡೆದು ಬಂದರೆ ‘ಉರುಳ್‌ಪೊಟ್ಟಲ್’. ಗುಡ್ಡದ ಬುಡದಲ್ಲಿ ಬದುಕುವವರಿಗೆ ಎರಡು ಶಬ್ದ ಬೇಕಾಯಿತು.

ಹೊರಗಿನ ಬಳಕೆಗಳಲ್ಲಿ ಕೆಲವನ್ನು ಮಾತ್ರ ಹೇಳುತ್ತೇನೆ.

ಕ್ರಿಕೆಟ್ಟಿನ ಸ್ಲಿಪ್ ವಿಕೆಟ್ ಕೀಪರನ ಪಕ್ಕದ ಜಾಗ, ಬ್ಯಾಟಿನ ಅಂಚಿಗೆ ತಾಗಿ ತಪ್ಪಿಬಂದ ಚೆಂಡಿಗೆ ಕಾಯುವವರದ್ದು. ರಾಹುಲ್ ದ್ರಾವಿಡ್ ಟೆಸ್ಟಿನಲ್ಲಿ ಹಿಡಿದ 210 ಕ್ಯಾಚುಗಳಲ್ಲಿ ಹೆಚ್ಚಿನವು ಅಲ್ಲಿಯವು.

ಆಸ್ಪತ್ರೆಯ ‘ಸ್ಲಿಪ್ ಡಿಸ್ಕ್’ ದಾರಿ ತಪ್ಪಿಸುವ ಹೆಸರು. ಬೆನ್ನೆಲುಬಿನ ನಡುವಿನ ಬಿಲ್ಲೆ ಕ್ಯಾರಂ ಕಾಯಿಯ ಹಾಗೆ ಜಾರಿ ಹೊರಬರುವುದಿಲ್ಲ. ಅದರ ಹೊರಸುತ್ತು ದುರ್ಬಲವಾಗಿಯೋ ಬಿರಿದೋ ಒಳಗಿನ ಮೆತ್ತನೆಯ ಭಾಗ ಉಬ್ಬಿ ನರಕ್ಕೆ ಒತ್ತುತ್ತದೆ. ‘ಜಾರಿದ್ದನ್ನು ಒಳಗೆ ತಳ್ಳಿಕೊಡುತ್ತೇನೆ’ ಎನ್ನುವವರ ಕೈಗೆ ಸೊಂಟ ಕೊಡುವ ಮೊದಲು ಇದು ನೆನಪಿರಲಿ.

ತೋಟದ ಪಂಪ್‌ಸೆಟ್ಟಿನಲ್ಲೂ ಸ್ಲಿಪ್ ಇದೆ, ಇದನ್ನು ಕಂಡರೆ ನನಗೆ ಇಂದಿಗೂ ಖುಷಿ. ಮೋಟರಿನ ಮೈಮೇಲೆ ಅಂಟಿಸಿದ ತಗಡಿನ ಎಣ್ಣೆ ಒರೆಸಿ ನೋಡಿ, ಹೆಚ್ಚಿನವುಗಳಲ್ಲಿ 2880 ಎಂದೋ ಅದರ ಆಸುಪಾಸಿನ ಅಂಕಿಯೋ ಇರುತ್ತದೆ. ಅದು ನಿಮಿಷಕ್ಕೆ ಎಷ್ಟು ಸುತ್ತು ಎಂಬುದು. ನಮ್ಮ 50 ಹರ್ಟ್ಸ್ ಕರೆಂಟಿನಲ್ಲಿ ಎರಡು ಧ್ರುವದ ಮೋಟರಿನ ಒಳಗೆ ಕಾಂತಕ್ಷೇತ್ರ ನಿಮಿಷಕ್ಕೆ 3000 ಸುತ್ತುತ್ತದೆ, ಆದರೆ ಅದರ ಹಿಂದೆ ಓಡುವ ರೋಟರ್, ಅಂದರೆ ಮೋಟರಿನ ತಿರುಗುವ ಭಾಗ, 2880 ಮಾತ್ರ. ಹಿಂದೆ ಬಿದ್ದ 120 ಸುತ್ತೇ ಸ್ಲಿಪ್, ಲೆಕ್ಕದಲ್ಲಿ ಶೇಕಡಾ 4. ಇದು ದೋಷವಲ್ಲ! ರೋಟರ್ ಕಾಂತಕ್ಷೇತ್ರದ ಸಮಸಮಕ್ಕೆ ಓಡಿದರೆ ಅದರಲ್ಲಿ ಕರೆಂಟೇ ಹುಟ್ಟುವುದಿಲ್ಲ, ಎಳೆಯುವ ಬಲ ಬರುವುದಿಲ್ಲ, ಬಾವಿಯ ನೀರು ಮೇಲೆ ಬರುವುದಿಲ್ಲ. ಹಿಡಿತ ತುಸು ತಪ್ಪಿದ್ದರಿಂದಲೇ ತೋಟಕ್ಕೆ ನೀರು. ಹಳೆಯ ಡೀಸೆಲ್ ಇಂಜಿನ್ನಿನ ಬೆಲ್ಟು ಸ್ಲಿಪ್ ಆದರೆ ಮಾತ್ರ ಅದು ದೋಷವೇ.

ರೈಲಿನಲ್ಲಿ ‘ಸ್ಲಿಪ್ ಕೋಚ್’ ಎಂದಿತ್ತು. ಬ್ರಿಟನ್ನಿನಲ್ಲಿ ಓಡುತ್ತಿರುವ ಎಕ್ಸ್‌ಪ್ರೆಸ್ಸಿನ ಹಿಂದಿನ ಡಬ್ಬಿಯನ್ನು ಓಟದಲ್ಲೇ ಕಳಚಿಬಿಡುತ್ತಿದ್ದರು. ರೈಲು ನಿಲ್ಲದೆ ಮುಂದೆ ಹೋಗುತ್ತಿತ್ತು, ಕಳಚಿದ ಡಬ್ಬಿಯಲ್ಲಿದ್ದ ಗಾರ್ಡ್ ಬ್ರೇಕ್ ಹಾಕಿ ಅದನ್ನು ಸಣ್ಣ ಸ್ಟೇಷನ್ನಿನಲ್ಲಿ ನಿಲ್ಲಿಸುತ್ತಿದ್ದ. 1960ರವರೆಗೂ ಇದು ನಡೆಯಿತು. ಕುಂಬಳೆಯಲ್ಲಿ ನಿಲ್ಲದೆ ಹೋಗುವ ಎಕ್ಸ್‌ಪ್ರೆಸ್ಸುಗಳನ್ನು ಪ್ಲಾಟ್‌ಫಾರ್ಮಿನಲ್ಲಿ ನಿಂತು ನೋಡುವಾಗ ನನಗೆ ಆ ಡಬ್ಬಿಯ ನೆನಪಾಗುತ್ತದೆ.

ಹೆದ್ದಾರಿಯ ವಿಷಯದಲ್ಲೂ ಒಂದು ಗೊಂದಲ ಇದೆ. ‘ಸ್ಲಿಪ್ ರೋಡ್’ ಎಂದರೆ ಜಾರುವ ರಸ್ತೆಯಲ್ಲ, ಹೆದ್ದಾರಿಗೆ ಸೇರುವ ಅಥವಾ ಅದರಿಂದ ಇಳಿಯುವ ಪಕ್ಕದ ದಾರಿ. ಹೆದ್ದಾರಿಯ ಉದ್ದಕ್ಕೂ ಸಮನಾಗಿ ಓಡುವ ನಮ್ಮ ‘ಸರ್ವಿಸ್ ರೋಡ್’ ಬೇರೆ. ಸ್ಲಿಪ್ಪರ್ ಚಪ್ಪಲಿಗೂ ಜಾರುವುದಕ್ಕೂ ಸಂಬಂಧ ಇಷ್ಟೇ: ಕಾಲು ಸುಲಭವಾಗಿ ಒಳಗೆ ನುಸುಳುತ್ತದೆ. ಬಟ್ಟೆಯ ಒಳಗೆ ತೊಡುವ ಸ್ಲಿಪ್‌ಗೂ ಅದೇ ಕಾರಣ. ಸವೆದ ಹವಾಯಿ ಚಪ್ಪಲಿ ಹಾಕಿ ಆಟಿಯಲ್ಲಿ ಅಂಗಳ ದಾಟಿದರೆ ಎರಡನೇ ಸಂಬಂಧವೂ ತಿಳಿಯುತ್ತದೆ, ಅದು ಬೇರೆ ಮಾತು.

ಬರವಣಿಗೆಯಲ್ಲಿ ಮಗಳು ಎಚ್ಚರ ವಹಿಸಬೇಕಾದದ್ದು ಎರಡು. ಸ್ಲಿಪ್‌ಗೆ ಭೂತಕಾಲದಲ್ಲಿ ‘ಪಿ’ ಎರಡಾಗುತ್ತದೆ. ಸ್ಲೈಡ್‌ಗೆ ಭೂತಕಾಲ ‘ಸ್ಲಿಡ್’, ‘ಸ್ಲೈಡೆಡ್’ ಎಂಬುದಿಲ್ಲ. ಉಚ್ಚಾರದಲ್ಲಿ ಹ್ರಸ್ವ ದೀರ್ಘ ಕಾಯಬೇಕು. ‘ಐ ಸ್ಲೀಪ್ ಆನ್ ದ ಸ್ಟೆಪ್ಸ್’ ಎಂದು ಒಬ್ಬ ಹುಡುಗ ನನ್ನ ತರಗತಿಯಲ್ಲಿ ಓದಿದ್ದ. ಬಿದ್ದದ್ದು ಹೌದು, ಆದರೆ ಅಲ್ಲೇ ಮಲಗಿದ್ದೇನೆ ಎಂದ ಹಾಗಾಯಿತು. ‘ಕಾನೂನು ಜಾರಿಯಾಯಿತು’ ಎನ್ನುವ ‘ಜಾರಿ’ಯನ್ನು ಸ್ಲಿಪ್ ಎಂದು ಅನುವಾದಿಸಿದವರೂ ಇದ್ದರು. ಆ ‘ಜಾರಿ’ ನಮ್ಮ ಜಾರು ಅಲ್ಲ, ಅರಬ್ಬಿಯಿಂದ ಬಂದದ್ದು, ಹರಿಯುತ್ತಿರುವ ಅಥವಾ ನಡೆಯುತ್ತಿರುವ ಎಂಬ ಅರ್ಥದ್ದು.

ಕೊನೆಗೆ ನಿಮ್ಮ ಕೆರೆಯ ಬೋರ್ಡು. ಇಂಗ್ಲಿಷಿನಲ್ಲಿ ‘ಸ್ಲಿಪರಿ ಸ್ಟೆಪ್ಸ್’ ಎಂದಿರುವುದನ್ನು ‘ಜಾರುವ ಮೆಟ್ಟಿಲುಗಳು’ ಎಂದು ಬರೆಸಬೇಡಿ. ಮಾಲಿನ ಎಸ್ಕಲೇಟರಿನ ಹಾಗೆ ಮೆಟ್ಟಿಲೇ ಎಲ್ಲಿಗೋ ಹೋಗುತ್ತದೆ ಎಂದಾಗುತ್ತದೆ. ‘ಜಾರುವಿಕೆಯ ಸಾಧ್ಯತೆ ಇರುತ್ತದೆ’ ಎಂಬ ಕಚೇರಿ ಕನ್ನಡವೂ ಬೇಡ, ಅದನ್ನು ಓದಿ ಮುಗಿಸುವಷ್ಟರಲ್ಲಿ ಓದಿದವರು ನೀರಿನಲ್ಲಿರುತ್ತಾರೆ. ಕನ್ನಡದಲ್ಲಿ ‘ಮೆಟ್ಟಿಲು ಜಾರುತ್ತದೆ, ಜಾಗ್ರತೆ’ ಎಂದಷ್ಟೇ ಬರೆಯಿರಿ. ‘ನೆಲ ಜಾರುತ್ತದೆ’ ಎಂದು ನಾವು ಮಾತಿನಲ್ಲಿ ಹೇಳುವುದೇ ಹಾಗೆ, ಜಾರುವುದು ಕಾಲು ಎಂಬುದು ಎಲ್ಲರಿಗೂ ಗೊತ್ತು. ಮಲಯಾಳಂನಲ್ಲಿ ‘ವಳುಕ್ಕಲ್ ಉಂಡ್, ಸೂಕ್ಷಿಕ್ಕುಕ’ ಸಾಕು. ಅಕ್ಷರ ದೊಡ್ಡದಾಗಿರಲಿ, ಬೋರ್ಡು ಮೇಲಿನ ಮೆಟ್ಟಿಲ ಹತ್ತಿರವೇ ಇರಲಿ. ಒಂದು ದೇವಸ್ಥಾನದಲ್ಲಿ ಕೆಳಗಿನಿಂದ ಮೂರನೇ ಮೆಟ್ಟಿಲಿನ ಪಕ್ಕ ಬೋರ್ಡು ನೆಟ್ಟಿದ್ದನ್ನು ನೋಡಿದ್ದೇನೆ. ಓದಲು ಬಗ್ಗಿದ ಅಜ್ಜನ ಕೈಯನ್ನು ನಾನೇ ಹಿಡಿಯಬೇಕಾಯಿತು.